ಓದುಗರ ಪ್ರಶ್ನೆ: ಹಂಗೇರಿಯ ನಾಣ್ಯಗಳಿಗೆ ಯಾವ ಕ್ಯಾಟಲಾಗ್?

ಪ್ರಶ್ನೆ: ಮಾನ್ಯರೇ, ನನ್ನ ಸಂಗ್ರಹದಲ್ಲಿ ಹಂಗೇರಿ ದೇಶದ ಸುಮಾರು ನಲವತ್ತು ನಾಣ್ಯಗಳಿವೆ. ಹೆಚ್ಚಿನವು ಕೊರೊನಾ, ಪೆಂಗೋ ಮತ್ತು ಫೊರಿಂಟ್‌ಗಳು. ಎರಡು ಮಾತ್ರ ಬಹಳ ತೆಳುವಾದ ಬೆಳ್ಳಿಯವು. ಒಂದು ಮುಖದಲ್ಲಿ ಮಗುವನ್ನು ಎತ್ತಿಕೊಂಡ ತಾಯಿ, ಅವಳ ಎಡಬಲಕ್ಕೆ ಕೆ ಮತ್ತು ಬಿ ಅಕ್ಷರಗಳು, ಇನ್ನೊಂದು ಮುಖದಲ್ಲಿ ಗುರಾಣಿ ಮತ್ತು 1552 ಎಂಬ ಇಸವಿ ಇವೆ. ಕ್ರೌಸ್ ಕ್ಯಾಟಲಾಗ್ ಒಂದೇ ಸಾಕೆಂದು ಕೆಲವರು, ಹುಸಾರ್ ಅವರ ಕ್ಯಾಟಲಾಗ್ ಇಲ್ಲದೆ ಆಗದೆಂದು ಇನ್ನು ಕೆಲವರು ಹೇಳುತ್ತಾರೆ. ಎರಡನ್ನೂ ಒಟ್ಟಿಗೆ ಕೊಳ್ಳುವ ಅನುಕೂಲ ನನಗಿಲ್ಲ. ಯಾವುದನ್ನು ಮೊದಲು ಕೊಳ್ಳಲಿ?
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಪುಸ್ತಕವನ್ನು ಆರಿಸುವ ಮೊದಲು ನಾಣ್ಯಗಳನ್ನು ಇಸವಿಯ ಪ್ರಕಾರ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿ, ಯಾವ ಕಾಲದವು ಹೆಚ್ಚಿವೆಯೋ ಆ ಕಾಲದ ಪುಸ್ತಕವೇ ನಿಮಗೆ ಮೊದಲು ಬೇಕಾದದ್ದು. ಕ್ರೌಸ್ ಕ್ಯಾಟಲಾಗ್ ಜಗತ್ತಿನ ಎಲ್ಲ ದೇಶಗಳ ನಾಣ್ಯಗಳನ್ನೂ ಶತಮಾನಕ್ಕೊಂದು ಸಂಪುಟದಂತೆ ಕೊಡುತ್ತದೆ, ಮತ್ತು ಅದರ ಮೊದಲ ಸಂಪುಟ ಆರಂಭವಾಗುವುದೇ 1601ರಿಂದ. ಆದ್ದರಿಂದ ನಿಮ್ಮ 1552ರ ನಾಣ್ಯಗಳನ್ನು ಅದರಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಉಳಿದವುಗಳಲ್ಲಿ ಬಹುಪಾಲು 1901ರಿಂದ 2000ದವರೆಗಿನ ಸಂಪುಟವೊಂದರಲ್ಲೇ ದೊರೆಯುತ್ತವೆ. ಕೊರೊನಾ 1892ರಲ್ಲಿ ಜಾರಿಗೆ ಬಂದದ್ದರಿಂದ ಮೊದಲ ಕೆಲವು ವರ್ಷಗಳವು ಮಾತ್ರ ಹಿಂದಿನ ಸಂಪುಟಕ್ಕೆ ಸೇರುತ್ತವೆ. ಹಳೆಯ ಮುದ್ರಣ ಅಗ್ಗಕ್ಕೆ ಸಿಕ್ಕರೆ ಹಿಂಜರಿಯದೆ ಕೊಳ್ಳಿ. ಅದರಲ್ಲಿ ಹಳತಾಗುವುದು ಬೆಲೆಗಳು ಮಾತ್ರ. ತೂಕ, ಲೋಹ ಮತ್ತು ಕೆ.ಎಂ. ಎಂಬ ಕ್ರಮಸಂಖ್ಯೆ ಹಳತಾಗುವುದಿಲ್ಲ.

ಕ್ಯಾಟಲಾಗ್ ಏಕೆ ಬೇಕೆಂಬುದು ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಫೊರಿಂಟ್ 1946ರ ಆಗಸ್ಟ್ 1ರಂದು ಜಾರಿಗೆ ಬಂತು. ಆ ವರ್ಷದ ಮತ್ತು ಮರುವರ್ಷದ ಐದು ಫೊರಿಂಟ್ ನಾಣ್ಯಗಳೆರಡರ ಮೇಲೂ ಹಂಗೇರಿಯ ಸ್ವಾತಂತ್ರ್ಯ ಹೋರಾಟದ ನಾಯಕ ಕೊಶೂತ್ ಲಾಯೋಶ್ ಅವರ ಮುಖವೇ ಇದೆ, ಅಗಲವೂ ಒಂದೇ. ಆದರೆ 1946ರದ್ದು ಸಾವಿರಕ್ಕೆ 835 ಪಾಲು ಬೆಳ್ಳಿಯಿರುವ 20 ಗ್ರಾಂ ನಾಣ್ಯ, 1947ರದ್ದು 500 ಪಾಲಿನ 12 ಗ್ರಾಂ ನಾಣ್ಯ. ಒಂದನ್ನು ಎಡ ಅಂಗೈಯಲ್ಲಿ, ಇನ್ನೊಂದನ್ನು ಬಲ ಅಂಗೈಯಲ್ಲಿ ಇಟ್ಟುಕೊಂಡರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಒಂದೇ ಇದ್ದಾಗ ಪರಿಚಯದ ಚಿನಿವಾರರ ತಕ್ಕಡಿಯಲ್ಲಿ ತೂಗಿಸಿ ಪುಸ್ತಕದ ಅಂಕಿಯೊಂದಿಗೆ ಹೋಲಿಸಬಹುದು. ಮುಂದೆಂದಾದರೂ 1908ರ ನೂರು ಕೊರೊನಾದ ಚಿನ್ನದ ನಾಣ್ಯ ನಿಮ್ಮೆದುರಿಗೆ ಬಂದರೆ, ಅದೇ ಇಸವಿಯನ್ನು ಹೊತ್ತ ನಾಣ್ಯಗಳನ್ನು ಟಂಕಸಾಲೆಯೇ ಬಹಳ ಕಾಲದ ನಂತರ ಮತ್ತೆ ಅಚ್ಚು ಹಾಕಿದೆ ಎಂಬುದನ್ನು ಮರೆಯಬೇಡಿ. ಪುಸ್ತಕ ನೋಡದೆ ಹಣ ಕೊಡಲೇಬಾರದ ನಾಣ್ಯವೆಂದರೆ ಅದು.

ಇನ್ನು ಆ ಎರಡು ತೆಳು ನಾಣ್ಯಗಳು. ಅವು ಒಂದನೆಯ ಫರ್ಡಿನೆಂಡ್ ದೊರೆಯ ಕಾಲದ ದೇನಾರ್‌ಗಳು; ತಾಯಿ ಹಂಗೇರಿಯ ಪೋಷಕಿಯೆಂದು ಅಲ್ಲಿನವರು ನಂಬಿದ ಮೇರಿ; ಕೆ ಮತ್ತು ಬಿ ಈಗ ಸ್ಲೊವಾಕಿಯಾದಲ್ಲಿರುವ ಕ್ರೆಮ್ನಿಟ್ಸಾ ಟಂಕಸಾಲೆಯ ಗುರುತು. ಇವುಗಳಿಗೆ ಹುಸಾರ್ ಲಾಯೋಶ್ ಅವರು 1979ರಲ್ಲಿ ಪ್ರಕಟಿಸಿದ ಕ್ಯಾಟಲಾಗೇ ಬೇಕು. ಕ್ರಿಸ್ತಶಕ 1000ದಿಂದ ತಮ್ಮ ಕಾಲದವರೆಗಿನ ನಾಣ್ಯಗಳಿಗೆ ಅವರು ಕೊಟ್ಟ ಸಂಖ್ಯೆಗಳನ್ನೇ ಹರಾಜಿನವರೂ ಸಂಗ್ರಾಹಕರೂ ಇಂದಿಗೂ ಬಳಸುತ್ತಾರೆ. ಪುಸ್ತಕ ಜರ್ಮನ್ ಭಾಷೆಯದೆಂದು ಹೆದರಬೇಕಾಗಿಲ್ಲ, ಮತ್ತೆ ಮತ್ತೆ ಬರುವ ಪದಗಳು ಕೆಲವೇ. ಹಂಗೇರಿಯನ್ ಭಾಷೆಯಲ್ಲಿ ಉಂಗರ್ ಎಮಿಲ್ ಅವರ ಕ್ಯಾಟಲಾಗೂ ಇದೆ. ಮಧ್ಯಯುಗದ ನಾಣ್ಯಗಳಿಗೆ ರೇತಿ ಲಾಸ್ಲೋ ಅವರ ಹಳೆಯ ಸಂಪುಟಗಳಿವೆ. ಅವೆರಡೂ ಸದ್ಯಕ್ಕೆ ನಿಮಗೆ ಬೇಡ.

ನನ್ನ ಅಭಿಪ್ರಾಯದಲ್ಲಿ ಈಗ ಕ್ರೌಸ್‌ನ ಇಪ್ಪತ್ತನೆಯ ಶತಮಾನದ ಸಂಪುಟ ಸಾಕು. ದೇನಾರ್‌ಗಳು ಎರಡರಿಂದ ಹತ್ತಾದಾಗ ಹುಸಾರ್ ಕೊಳ್ಳಿ.

ಪ್ರಶ್ನೆ: ಎರಡು ತಲೆಯ ಹದ್ದು, ಬಿ ಅಕ್ಷರ, 1858ನೇ ಇಸವಿ ಇರುವ ಒಂದು ಕ್ರೂಟ್ಸರ್ ತಾಮ್ರದ ನಾಣ್ಯ ಕ್ಯಾಟಲಾಗಿನ ಹಂಗೇರಿ ಭಾಗದಲ್ಲಿ ಸಿಗುತ್ತಿಲ್ಲ. ಏಕೆ?
— ಓದುಗರೊಬ್ಬರು, ಹಾಸನ

ಉತ್ತರ: ಆಸ್ಟ್ರಿಯಾ ಭಾಗದಲ್ಲಿ ನೋಡಿ. ಬಿ ಕೂಡ ಅದೇ ಕ್ರೆಮ್ನಿಟ್ಸಾ ಟಂಕಸಾಲೆಯ ಗುರುತು. ಆದರೆ ಆಗ ಹಂಗೇರಿ ಆಸ್ಟ್ರಿಯಾ ಸಾಮ್ರಾಜ್ಯದ ಒಳಗಿತ್ತು, ನಾಣ್ಯವೂ ಸಾಮ್ರಾಜ್ಯದ್ದೇ. ಆಸ್ಟ್ರಿಯಾ ಮತ್ತು ಹಂಗೇರಿಗಳ ನಡುವಿನ 1867ರ ಒಪ್ಪಂದದ ನಂತರ, 1868ರಿಂದ ಅಲ್ಲಿ ಅಚ್ಚಾದ ಹಂಗೇರಿಯ ನಾಣ್ಯಗಳ ಮೇಲೆ ಬಿ ಒಂದೇ ಇರುವುದಿಲ್ಲ, ಕೆ ಮತ್ತು ಬಿ ಎರಡೂ ಇರುತ್ತವೆ.