‘ಸಾಹೇಬ್ರು ಇದ್ದಾರೆ’ ಅನ್ನೋದು ಗ್ಯಾರಂಟಿ ಅಲ್ಲ

ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಊರು ಮಾತ್ರ ಬೇರೆ ಬೇರೆ. ಅದಕ್ಕೆ ಈ ಸಲ ಹೆಚ್ಚಿನ ಜಾಗ ಆ ಪ್ರಶ್ನೆಗೇ.

ಪ್ರಶ್ನೆ: ನಿವೃತ್ತಿಯ ಎಂಟು ಲಕ್ಷವನ್ನು ಊರಿನ ಸೌಹಾರ್ದ ಸಹಕಾರಿಯಲ್ಲಿ ಇಡಬೇಕೆಂದಿದ್ದೇನೆ. ಬ್ಯಾಂಕಿಗಿಂತ ಮೂರು ಪರ್ಸೆಂಟ್ ಜಾಸ್ತಿ ಬಡ್ಡಿ. ಅಧ್ಯಕ್ಷರದು ದೊಡ್ಡ ರಾಜಕೀಯ ಮನೆತನ, ಸಕ್ಕರೆ ಕಾರ್ಖಾನೆಯೂ ಇದೆ. ಮುಳುಗಲಿಕ್ಕಿಲ್ಲ ಅಲ್ವಾ? (ನಿವೃತ್ತ ಶಿಕ್ಷಕರು, ಜಮಖಂಡಿ)

ಮಾಸ್ತರರೇ, ಬಡ್ಡಿ ಬರೆದಿದ್ದೀರಿ, ಮನೆತನ ಬರೆದಿದ್ದೀರಿ. ಆ ಸಂಸ್ಥೆಯ ಸುಸ್ತಿ ಸಾಲ (ಅವಧಿ ಮೀರಿಯೂ ವಾಪಸ್ ಬರದ ಸಾಲ) ಎಷ್ಟು ಅಂತ ಬರೆದಿಲ್ಲ. ಕೇಳಿಯೇ ಇಲ್ಲ ಅನ್ಸುತ್ತೆ.

ಐದು ಲಕ್ಷದ ಠೇವಣಿ ವಿಮೆ ಇರುವುದು ಬ್ಯಾಂಕುಗಳಿಗೆ. ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕೂ ಅದರಲ್ಲಿ ಬರುತ್ತದೆ. ಸದಸ್ಯರ ಠೇವಣಿ ಪಡೆದು ಸಾಲ ಕೊಡುವ ಪತ್ತಿನ ಸಹಕಾರಿ, ಸೌಹಾರ್ದ ಸಹಕಾರಿ ಬರುವುದಿಲ್ಲ. ಅಲ್ಲಿ ಒಂದು ರೂಪಾಯಿಗೂ ವಿಮೆ ಇಲ್ಲ. ಬ್ಯಾಂಕಿನ ಮೇಲೆ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಕೂಡ ಇವುಗಳ ದೂರು ತೆಗೆದುಕೊಳ್ಳುವುದಿಲ್ಲ. 1997ರ ಸೌಹಾರ್ದ ಕಾಯ್ದೆ ಬಂದದ್ದೇ ಸರ್ಕಾರದ ಕೈ ಕಡಿಮೆ ಇರಲಿ ಅಂತ. ಚೆನ್ನಾಗಿ ನಡೆಸುವವರಿಗೆ ಅದು ವರ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಅಂಥವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಕೌಂಟರಿನಲ್ಲಿ ನಿಂತ ನಿಮಗೆ ಚೆನ್ನಾಗಿ ನಡೆಸುವವರೂ ಕೆಟ್ಟದಾಗಿ ನಡೆಸುವವರೂ ಒಂದೇ ಥರ ಕಾಣುತ್ತಾರೆ.

ಇನ್ನು ‘ದೊಡ್ಡವರು’ ಅನ್ನುವ ಧೈರ್ಯ. ಇದೇ ನನಗೆ ಸಿಟ್ಟು ತರಿಸುವುದು. ಅಧ್ಯಕ್ಷರಿಗೆ ಕಾರ್ಖಾನೆಯೂ ಇದ್ದು, ಚುನಾವಣೆಯೂ ಇದ್ದರೆ ಅವರಿಗೆ ನಗದು ಬೇಕಾಗುವ ದಿನಗಳು ಜಾಸ್ತಿ. ಠೇವಣಿದಾರನಿಗೆ ಅದು ಧೈರ್ಯ ತರುವ ವಿಷಯವಲ್ಲ, ಭಯಪಡುವ ವಿಷಯ. ಕಂಪನಿಯೊಂದು ಪಕ್ಷಕ್ಕೆ ದೇಣಿಗೆ ಕೊಟ್ಟರೆ ಅದನ್ನು ಲೆಕ್ಕಪತ್ರದಲ್ಲಿ ತೋರಿಸಲೇಬೇಕು. ಸಹಕಾರಿಯಿಂದ ಭಾವಮೈದುನನ ಹೆಸರಲ್ಲಿ ಎತ್ತಿದ ಸಾಲ ಪ್ರಚಾರದ ಜೀಪಿಗೆ ಡೀಸೆಲ್ ಆದರೆ ಯಾವ ಪುಟದಲ್ಲೂ ಕಾಣುವುದಿಲ್ಲ.

ಒಂದು ಕೆಲಸ ಮಾಡಿ. ಅಧ್ಯಕ್ಷರೋ ಅವರ ಮನೆಯವರೋ ಚುನಾವಣೆಗೆ ನಿಂತಿದ್ದರೆ ಅವರ ಅಫಿಡವಿಟ್ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಸಹಕಾರಿಗಳಲ್ಲಿ ಇಟ್ಟ ಠೇವಣಿ, ಸಂಸ್ಥೆಗಳಿಂದ ಪಡೆದ ಸಾಲ ಎರಡನ್ನೂ ಅದರಲ್ಲಿ ಬರೆಯಬೇಕು. ಸಾಹೇಬ್ರು ತಮ್ಮ ದುಡ್ಡನ್ನು ಇದೇ ಸಹಕಾರಿಯಲ್ಲಿ ಇಟ್ಟಿದ್ದಾರಾ, ಅಥವಾ ದೊಡ್ಡ ಬ್ಯಾಂಕಿನಲ್ಲಿ ಇಟ್ಟು ಇಲ್ಲಿಂದ ಸಾಲ ಮಾತ್ರ ತೆಗೆದಿದ್ದಾರಾ, ನೀವೇ ನೋಡಿ.

ಆಮೇಲೆ ಆಡಿಟ್ ವರದಿ ಕೇಳಿ. ಸುಸ್ತಿ ಎಷ್ಟು, ನಿರ್ದೇಶಕರಿಗೂ ಅವರ ನೆಂಟರಿಗೂ ಕೊಟ್ಟ ಸಾಲ ಎಷ್ಟು, ಇವೆರಡೇ ಸಾಕು. ‘ತೋರಿಸಲಿಕ್ಕೆ ಬರಲ್ಲ’ ಅಂದರೆ ಚಹಾ ಕುಡಿದು ಎದ್ದು ಬನ್ನಿ. ನಿಮ್ಮನ್ನು ಪೂರ್ಣ ಸದಸ್ಯ ಮಾಡುತ್ತಾರಾ ನಾಮಮಾತ್ರ ಸದಸ್ಯ ಮಾಡುತ್ತಾರಾ ಅದನ್ನೂ ಕೇಳಿ. ನಾಮಮಾತ್ರ ಸದಸ್ಯನಿಗೆ ಮಹಾಸಭೆಯಲ್ಲಿ ಮತ ಇಲ್ಲ.

ನಾನಾಗಿದ್ದರೆ? ಹೋದರೂ ನಿದ್ದೆ ಕೆಡದಷ್ಟು ಮಾತ್ರ ಅಲ್ಲಿ ಇಡುತ್ತಿದ್ದೆ. ಉಳಿದದ್ದು ಪೋಸ್ಟಾಫೀಸಿಗೆ.

ಈಗಾಗಲೇ ಸಿಕ್ಕಿಬಿದ್ದವರಿಗೆ: ಅವಧಿ ಮುಗಿದ ಮೇಲೆ ‘ಅರ್ಧ ಪರ್ಸೆಂಟ್ ಜಾಸ್ತಿ ಕೊಡ್ತೀವಿ, ರಿನ್ಯೂವಲ್ ಮಾಡಿ’ ಅಂದರೆ ಒಪ್ಪಬೇಡಿ. ದುಡ್ಡು ಕೈಗೆ ಬರುವ ತನಕ ಮೂಲ ರಸೀದಿ ಕೊಡಬೇಡಿ. ಹಣ ವಾಪಸ್ ಕೇಳಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಎರಡು ವರ್ಷ ಮೀರುವುದರೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ‘ಸಹಕಾರಿಯ ಜಗಳ ಸಹಕಾರ ಇಲಾಖೆಯಲ್ಲೇ ಬಗೆಹರಿಯಬೇಕು’ ಅಂತ ಅವರ ವಕೀಲರು ಹೇಳಿಯೇ ಹೇಳುತ್ತಾರೆ. ಸದಸ್ಯರೂ ಗ್ರಾಹಕರ ಆಯೋಗಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಐದು ಲಕ್ಷದವರೆಗೆ ಶುಲ್ಕವೂ ಇಲ್ಲ.

ಪ್ರಶ್ನೆ: ಬೋರ್ಡಿನಲ್ಲೇ ‘ಬ್ಯಾಂಕ್’ ಅಂತ ಇದೆಯಲ್ಲ? (ಇಂಡಿ)

ಲೈಸೆನ್ಸ್ ಇಲ್ಲದ ಸಹಕಾರಿ ಆ ಪದ ಬರೆದುಕೊಳ್ಳುವುದೇ ತಪ್ಪು. ಅಲ್ಲಿ ಕಾಲಿಡಬೇಡಿ.

ಪ್ರಶ್ನೆ: ಚುನಾವಣಾ ಬಾಂಡ್ ರದ್ದಾಯಿತು. ಇನ್ನು ಕಂಪನಿಗಳ ದುಡ್ಡು ಪಕ್ಷಗಳಿಗೆ ಹೋಗಲ್ಲ ಅಲ್ವಾ? (ಬೆಳಗಾವಿ)

ಹೋಗುತ್ತದೆ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಹೆಸರು ಹೇಳದೆ ದೇಣಿಗೆ ಕೊಡುವ ಬಾಂಡನ್ನು, ದೇಣಿಗೆಯನ್ನಲ್ಲ. ಚೆಕ್ ಮೂಲಕ, ದೇಣಿಗೆ ಸಂಗ್ರಹಿಸಿ ಪಕ್ಷಗಳಿಗೆ ಹಂಚುವ ಚುನಾವಣಾ ಟ್ರಸ್ಟ್ ಮೂಲಕ ಇವತ್ತಿಗೂ ಕೊಡಬಹುದು. ಕಂಪನಿಯ ದೇಣಿಗೆ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 7.5 ಮೀರಬಾರದು ಎಂಬ ಮಿತಿಯನ್ನು 2017ರಲ್ಲಿ ತೆಗೆದಿದ್ದರು. ಆ ತಿದ್ದುಪಡಿಯನ್ನೂ ಕೋರ್ಟ್ ಹೊಡೆದುಹಾಕಿತು. ನಿಮ್ಮ ಹತ್ತಿರ ಶೇರು ಇದ್ದರೆ ಕಂಪನಿಯ ವಾರ್ಷಿಕ ವರದಿ ತೆಗೆದು ನೋಡಿ.

ಪ್ರಶ್ನೆ: ಮೈಕ್ರೋಫೈನಾನ್ಸ್ ಸಾಲವೆಲ್ಲ ಮನ್ನಾ ಆಗಿದೆಯಂತೆ? (ಮುಧೋಳ)

ಸುಳ್ಳು. 2025ರ ರಾಜ್ಯದ ಕಾನೂನು ಕಿರುಕುಳದ ವಿರುದ್ಧ. ಕಂತಿಗೆ ರಾತ್ರಿ ಮನೆ ಬಾಗಿಲು ಬಡಿದರೆ ಪೊಲೀಸರಿಗೆ ಹೇಳಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಸಂಜೆ 6ರ ಮೇಲೆ, ಬೆಳಿಗ್ಗೆ 9ರ ಮೊದಲು ಅವರು ಫೋನೂ ಮಾಡುವಂತಿಲ್ಲ.

ಪ್ರಶ್ನೆ: ಒಬ್ಬರು ಹತ್ತು ಪರ್ಸೆಂಟ್ ಮುಂಗಡ ಕೊಟ್ಟರೆ ಸಾಹೇಬ್ರಿಗೆ ಹೇಳಿ ಠೇವಣಿ ವಾಪಸ್ ಕೊಡಿಸ್ತೀನಿ ಅನ್ನುತ್ತಿದ್ದಾರೆ. ಕೊಡಲಾ? (ವಿಜಯಪುರ)

ಬೇಡ. ಗ್ರಾಹಕರ ಆಯೋಗದ ಮುಂದೆ ವಕೀಲರಿಲ್ಲದೆ ನೀವೇ ನಿಂತು ವಾದ ಮಾಡಬಹುದು. ರಸೀದಿಯ ಜೆರಾಕ್ಸ್ ಮಾಡಿಸಿಕೊಂಡು ಹೋಗಿ.