ಚಳಿಗಾಲದ ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಕೂರುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಚಳಿ ಬಂದರೆ ಬೇಗ ಕತ್ತಲಾಗುತ್ತೆ, ಮನೆಯಲ್ಲಿ ನಾಲ್ಕು ಜನ ಇದ್ದರೂ ನಾಲ್ಕು ಮೂಲೆ ಹಿಡಿದು ಮೊಬೈಲ್ ನೋಡುತ್ತಾ ಕೂರುತ್ತೇವೆ ಅಂದಿದ್ದೀರಿ. ಮನೆ ಅಡುಗೆ, ಒಂದಿಷ್ಟು ಕೈಕೆಲಸ, ಸ್ವಲ್ಪ ಪ್ರಾರ್ಥನೆ ಸೇರಿಸಿ ಸರಳವಾಗಿ ಬದುಕುವ ಆಸೆ ಇದೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಹನ್ನೊಂದು ವರ್ಷದ ಮಗ ಪ್ರಾರ್ಥನೆ ಅಂದರೆ ಎದ್ದು ಹೋಗುತ್ತಾನೆ, ಅದಕ್ಕೇನು ಮಾಡಲಿ ಅನ್ನುವುದು ಇನ್ನೊಂದು ಪ್ರಶ್ನೆ. ನಮ್ಮ ಮನೆಯೂ ಹೀಗೇ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು, ಟೈಮ್‌ಟೇಬಲ್ ಮಾಡಬೇಡಿ. ನಾವು ಮಾಡಿದ್ದೆವು. ಆರಕ್ಕೆ ಕೈಕೆಲಸ, ಏಳಕ್ಕೆ ಪ್ರಾರ್ಥನೆ, ಏಳೂವರೆಗೆ ಊಟ ಅಂತ ಬರೆದು ಫ್ರಿಜ್‌ಗೆ ಅಂಟಿಸಿದ್ದೆ. ವಾರ ಕಳೆಯುವುದರೊಳಗೆ ಮಕ್ಕಳಿಗೆ ಮನೆಯೇ ಶಾಲೆಯಾಯಿತು, ನಾನು ಬೆತ್ತ ಹಿಡಿದ ಟೀಚರ್ ಆದೆ. ಅದನ್ನು ಕಿತ್ತು ಹಾಕಿದೆ.

ಅದರ ಬದಲು ಒಲೆ ಮೇಲೆ ನಿಧಾನಕ್ಕೆ ಬೇಯುವ ಒಂದು ಪಾತ್ರೆ ಇಡಿ. ಅಷ್ಟೇ ಸಾಕು. ಪಾತ್ರೆ ಬೇಯುವಷ್ಟು ಹೊತ್ತು ಮನೆಯಲ್ಲಿ ಒಂದು ಬಿಡುವು ಹುಟ್ಟುತ್ತೆ. ಅದನ್ನು ನೋಡಿಕೊಳ್ಳಲು ಯಾರಾದರೂ ಅಡುಗೆಮನೆಯ ಹತ್ತಿರ ಇರಬೇಕು. ಅಲ್ಲಿ ಬೆಚ್ಚಗಿರುತ್ತೆ, ವಾಸನೆ ಚೆನ್ನಾಗಿರುತ್ತೆ. ಒಬ್ಬರು ಕೂತರೆ ಇನ್ನೊಬ್ಬರು ಬರುತ್ತಾರೆ. ಕರೆಯುವ ಕೆಲಸವನ್ನು ಪಾತ್ರೆಯೇ ಮಾಡುತ್ತೆ.

ನಾವು ಜಾಸ್ತಿ ಮಾಡುವುದು ಕಾಳಿನ ಸೂಪ್. ರಾಜ್ಮಾ ಆದರೆ ಹಿಂದಿನ ರಾತ್ರಿಯೇ ನೆನೆಸಬೇಕು, ಎಂಟರಿಂದ ಹನ್ನೆರಡು ಗಂಟೆ. ನೆನೆಸಿದ ನೀರು ಚೆಲ್ಲಿ ಹೊಸ ನೀರು ಹಾಕಿ. ಒಂದು ವಿಷಯ ದಯವಿಟ್ಟು ನೆನಪಿಡಿ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ಅಂಶ ಇರುತ್ತೆ, ಸರಿಯಾಗಿ ಬೇಯದಿದ್ದರೆ ಜೋರು ವಾಂತಿ, ಹೊಟ್ಟೆನೋವು ಬರುತ್ತೆ. ಅದಕ್ಕೇ ಮೊದಲು ಚೆನ್ನಾಗಿ ಕೊತಕೊತ ಕುದಿಸಬೇಕು. ಕನಿಷ್ಠ ಹತ್ತು ನಿಮಿಷ, ನಾನು ಅರ್ಧ ಗಂಟೆ ಕುದಿಸುತ್ತೇನೆ. ಆಮೇಲೆ ಉರಿ ಸಣ್ಣ ಮಾಡಬಹುದು. ಸ್ಲೋ ಕುಕ್ಕರ್‌ಗೆ ನೇರವಾಗಿ ಹಾಕಬೇಡಿ, ಅದರ ಶಾಖ ಸಾಲದೇ ಹೋಗಬಹುದು. ಟೊಮೆಟೊ, ನಿಂಬೆಹುಳಿ ಕೊನೆಗೆ. ಹುಳಿ ಮೊದಲೇ ಬಿದ್ದರೆ ಕಾಳು ಬೇಗ ಮೆತ್ತಗಾಗುವುದಿಲ್ಲ. ಕಾಳು ಹಳೆಯದಾಗಿದ್ದರೆ ಇನ್ನೂ ಹೊತ್ತು ಹಿಡಿಯುತ್ತೆ. ಆದರೆ ನಮಗೆ ಬೇಕಿರುವುದೂ ಅದೇ ಹೊತ್ತು, ಅಲ್ವಾ?

ಜೊತೆಗೆ ಬ್ರೆಡ್ ಮಾಡಿದರೆ ಇನ್ನೂ ಒಳ್ಳೆಯದು. 500 ಗ್ರಾಂ ಹಿಟ್ಟು, 325 ಮಿಲಿ ನೀರು, 10 ಗ್ರಾಂ ಉಪ್ಪು, ಒಂದು ಚಿಕ್ಕ ಚಮಚ ಈಸ್ಟ್. ಚಳಿಗೆ ಹಿಟ್ಟು ಉಬ್ಬುವುದು ನಿಧಾನ, ಅವಸರ ಬೇಡ. ನಿಧಾನಕ್ಕೆ ಉಬ್ಬಿದ ಹಿಟ್ಟಿಗೇ ರುಚಿ ಜಾಸ್ತಿ. ನಾದುವ ಕೆಲಸ ಮಕ್ಕಳಿಗೆ ಬಿಡಿ.

ಇನ್ನು ಕೈಕೆಲಸ. ನನಗೆ ಪ್ರಾಣವಾದದ್ದು ಹೆಣಿಗೆ. ಮಾತಾಡುತ್ತಲೇ ಮಾಡಬಹುದಾದ ಕೆಲಸ ಅದು. ಕೈಗೆ ಕೆಲಸ ಇದ್ದಾಗ ಎದುರಿಗಿದ್ದವರ ಮುಖ ನೋಡಿ ಮಾತಾಡಬೇಕೆಂಬ ಒತ್ತಾಯ ಇರುವುದಿಲ್ಲ. ಅದಕ್ಕೇ ಇರಬೇಕು, ಬೇರೆ ಹೊತ್ತಿನಲ್ಲಿ ಬಾಯಿಬಿಡದ ಮಕ್ಕಳು ಆಗ ಬಾಯಿಬಿಡುತ್ತಾರೆ. ಮಗಳಿಗೆ ಕಲಿಸಿದ್ದು ನಮ್ಮ ಅತ್ತೆ. 6 ಮಿಲಿಮೀಟರ್ ದಪ್ಪದ ಕಡ್ಡಿ, ದಪ್ಪ ಉಲ್ಲನ್, 24 ಕುಣಿಕೆ. ಹಿಂದೆ ಮುಂದೆ ಒಂದೇ ಥರ ಹೆಣೆಯುವ ಮಫ್ಲರ್. ಸಣ್ಣ ಕಡ್ಡಿ ಕೊಟ್ಟರೆ ಮಕ್ಕಳಿಗೆ ಬೇಗ ಸಾಕಾಗುತ್ತೆ. ದಪ್ಪ ಕಡ್ಡಿಯಲ್ಲಾದರೆ ಒಂದು ಸಂಜೆಗೆ ನಾಲ್ಕು ಬೆರಳಷ್ಟಾದರೂ ಬೆಳೆಯುತ್ತೆ, ಕಣ್ಣಿಗೆ ಕಾಣುತ್ತೆ.

ಮೂರನೇ ದಿನ ಮಗಳು ಅಳುಮುಖ ಮಾಡಿಕೊಂಡು ಬಂದಳು. ಮಫ್ಲರ್ ಮೇಲೆ ಹೋದ ಹಾಗೆಲ್ಲ ಅಗಲವಾಗುತ್ತಾ ಹೋಗಿತ್ತು. ಎಣಿಸಿದರೆ 31 ಕುಣಿಕೆ. ಅತ್ತೆ ಕನ್ನಡಕ ಏರಿಸಿಕೊಂಡು ಅಂಚನ್ನು ಬೆರಳಲ್ಲಿ ಸವರಿ ನೋಡಿದರು. "ಪುಟ್ಟಿ, ಸಾಲು ತಿರುಗಿಸಿದಾಗ ದಾರ ಕಡ್ಡಿ ಮೇಲಿಂದ ಹಿಂದಕ್ಕೆ ಹೋಗಿದೆ ನೋಡು" ಅಂದರು. ದಾರ ಹಾಗೆ ಹೋದರೆ ಮೊದಲನೇ ಕುಣಿಕೆಯ ಎರಡೂ ಕಾಲು ಮೇಲೆ ಬಂದು ಎರಡು ಕುಣಿಕೆಯಂತೆ ಕಾಣುತ್ತೆ. ಇವಳು ಎರಡನ್ನೂ ಹೆಣೆದಿದ್ದಳು. ಬಿಚ್ಚೋಣ ಅಂತ ನಾನು ಕೈ ಹಾಕಿದೆ, ಅತ್ತೆ ಬಿಡಲಿಲ್ಲ. ಅಲ್ಲಿಂದ ಮುಂದೆ ಎರಡೆರಡು ಕುಣಿಕೆ ಒಟ್ಟಿಗೆ ಹೆಣೆಸಿ 24ಕ್ಕೆ ಇಳಿಸಿಕೊಟ್ಟರು. ಮಧ್ಯದಲ್ಲಿ ಹೊಟ್ಟೆ ಬಂದಂತಿರುವ ಆ ಮಫ್ಲರನ್ನು ಅವಳು ಈಗಲೂ ಹಾಕಿಕೊಳ್ಳುತ್ತಾಳೆ. ಅತ್ತೆ ಮಾಡಿದ್ದೇ ಸರಿ ಅಂತ ನನಗೆ ಆಮೇಲೆ ಅರ್ಥವಾಯಿತು. ಮಕ್ಕಳ ಮೊದಲ ಕೆಲಸವನ್ನು ಬಿಚ್ಚಬೇಡಿ.

ನಿಜವಾದ ಉಣ್ಣೆ ಆದರೆ ಬಿಸಿನೀರಲ್ಲಿ ಒಗೆಯಬೇಡಿ. ನಾನು ಎರಡು ತಿಂಗಳು ಕೂತು ಹೆಣೆದ ಸ್ವೆಟರ್ ಒಂದೇ ಒಗೆತಕ್ಕೆ ಗೊಂಬೆಯ ಅಂಗಿಯಷ್ಟಾಯಿತು. ಅವತ್ತು ಅತ್ತುಬಿಟ್ಟೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರಗಳಿರುತ್ತವೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಮತ್ತೆ ಬಿಡುವುದಿಲ್ಲ. ತಣ್ಣೀರಲ್ಲಿ ಸುಮ್ನೆ ಅದ್ದಿ, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ಹಾಸಿ ಒಣಗಿಸಿ. ಇಷ್ಟು ಕಾಳಜಿ ಅದಕ್ಕೆ ಸಲ್ಲಬೇಕಾದದ್ದೇ. ಉಣ್ಣೆ ತನ್ನ ತೂಕದ ಶೇ. 30ರವರೆಗೆ ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ.

ಈಗ ನಿಮ್ಮ ಮಗನ ವಿಷಯ.

ನಮ್ಮಲ್ಲಿ ಪ್ರಾರ್ಥನೆ ಪಾತ್ರೆ ಇಳಿಸಿದ ಮೇಲೆ, ಊಟಕ್ಕೆ ಮುಂಚೆ. ದೊಡ್ಡ ದೀಪ ಆರಿಸಿ ಮೇಜಿನ ಮೇಲೆ ಒಂದು ಮೇಣದಬತ್ತಿ ಹಚ್ಚುತ್ತೇವೆ. ಒಬ್ಬೊಬ್ಬರು ಆ ದಿನದ ಒಂದು ವಿಷಯಕ್ಕೆ ದೇವರಿಗೆ ಥ್ಯಾಂಕ್ಸ್ ಹೇಳುತ್ತೇವೆ. ಆಮೇಲೆ ಒಂದು ನಿಮಿಷ ಮೌನ. ಎಲ್ಲ ಸೇರಿ ಐದು ನಿಮಿಷ ದಾಟುವುದಿಲ್ಲ. ನಮ್ಮ ಮನೆಯವರಿಗೆ ಪ್ರಾರ್ಥನೆಯಲ್ಲಿ ನಂಬಿಕೆ ಅಷ್ಟಕ್ಕಷ್ಟೇ, ಆದರೆ ಮೇಣದಬತ್ತಿ ಹಚ್ಚುವವರು ಅವರೇ. ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುವುದಿಲ್ಲ.

ನನ್ನ ಮಗನಿಗೆ ಆಗ ಹನ್ನೆರಡು. ನಾನೇನೂ ಹೇಳಲ್ಲ ಅಂದುಬಿಟ್ಟ. ಹೇಳಬೇಡ, ಬೇರೆ ಕೆಲಸ ಮಾಡು ಅಂತ ಒಂದು ಹಾಳೆ ಕೊಟ್ಟೆ. ದಿನಾ ಸೂರ್ಯ ಎಷ್ಟು ಹೊತ್ತಿಗೆ ಮುಳುಗಿತು ಅಂತ ಅದರಲ್ಲಿ ಬರೆಯಬೇಕು, ಮೇಣದಬತ್ತಿ ಹಚ್ಚಿದ ಮೇಲೆ ಓದಬೇಕು. ಅವನ ಸರದಿ ಬಂದಾಗ "ಐದು ಗಂಟೆ ಎಂಟು ನಿಮಿಷ" ಅನ್ನುತ್ತಿದ್ದ, ಮುಗಿಯಿತು. ಡಿಸೆಂಬರ್ ಮಧ್ಯದಲ್ಲಿ ಒಂದು ಸಂಜೆ ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬಂದ. ಅತಿ ಚಿಕ್ಕ ಹಗಲು ಡಿಸೆಂಬರ್ 21ಕ್ಕೋ 22ಕ್ಕೋ ಅಂತ ಪುಸ್ತಕದಲ್ಲಿದೆ, ಆದರೆ ಸಂಜೆ ಈಗಲೇ ಉದ್ದವಾಗುತ್ತಿದೆ, ನಾನು ತಪ್ಪು ಬರೆದಿದ್ದೇನಾ ಅಂತ ಕೇಳಿದ. ಅವನು ತಪ್ಪು ಬರೆದಿರಲಿಲ್ಲ. ಭೂಮಿಯ ಉತ್ತರಾರ್ಧದಲ್ಲಿ ಸೂರ್ಯ ಅತಿ ಬೇಗ ಮುಳುಗುವ ದಿನ ಅದಕ್ಕಿಂತ ಮುಂಚೆಯೇ ಬಂದು ಹೋಗುತ್ತೆ. ಬೆಳಗ್ಗೆ ಮಾತ್ರ ಜನವರಿಯವರೆಗೂ ತಡವಾಗುತ್ತಲೇ ಇರುತ್ತೆ. ಎರಡೂ ಸೇರಿ ಲೆಕ್ಕ ಹಾಕಿದಾಗ ಅತಿ ಚಿಕ್ಕ ಹಗಲು 21ಕ್ಕೋ 22ಕ್ಕೋ ಬೀಳುತ್ತೆ. ಇಬ್ಬರೂ ಕೂತು ಓದಿಕೊಂಡೆವು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಂತೆ. ನಮಗೆ ಚಳಿ ಆಗುವುದು ದೂರದಿಂದಲ್ಲ, ಭೂಮಿ 23.4 ಡಿಗ್ರಿ ವಾಲಿಕೊಂಡಿರುವುದರಿಂದ. ಅವನ ಕಣ್ಣು ಅರಳಿದ್ದು ಇನ್ನೂ ನೆನಪಿದೆ.

ಅವತ್ತು ಅವನ ಸರದಿ ಬಂದಾಗ, "ಹೋದ ವಾರಕ್ಕಿಂತ ಸಂಜೆ ಎರಡು ನಿಮಿಷ ಜಾಸ್ತಿ ಬೆಳಕು ಸಿಕ್ಕಿತು" ಅಂದ. ದೇವರ ಹೆಸರು ಎತ್ತಲಿಲ್ಲ. ನನಗೆ ಅದು ಪ್ರಾರ್ಥನೆಯಾಗಿಯೇ ಕೇಳಿಸಿತು. ಆಮೇಲೆ ನಾನು ಅವನನ್ನು ಇನ್ನೇನೂ ಕೇಳಲಿಲ್ಲ.

ಹಾಗಾಗಿ ನಿಮ್ಮ ಮಗನಿಗೆ ಮಾತು ಕೊಡಬೇಡಿ, ಕೆಲಸ ಕೊಡಿ. ಬತ್ತಿ ಹಚ್ಚಲಿ, ಇಲ್ಲಾ ತಟ್ಟೆ ಇಡಲಿ. ಎದ್ದು ಹೋಗದೆ ಅಲ್ಲೇ ಇದ್ದರೆ ಸಾಕು. ನಂಬಿಕೆಯನ್ನು ತಳ್ಳಿ ಒಳಗೆ ಹಾಕಲು ಆಗುವುದಿಲ್ಲ, ನಾನು ಪ್ರಯತ್ನಪಟ್ಟು ಸೋತವಳು. ನಿಮ್ಮ ದೇವರು ಯಾವ ಹೆಸರಿನವನಾದರೂ ಈ ಮಾತು ಅನ್ವಯಿಸುತ್ತೆ ಅಂದುಕೊಂಡಿದ್ದೇನೆ.

ಆಗುವುದಾದರೆ ಮೇಣದಬತ್ತಿಯನ್ನೂ ಮನೆಯಲ್ಲೇ ಮಾಡಿ. ಈ ವಯಸ್ಸಿನ ಹುಡುಗರಿಗೆ ಹೆಣಿಗೆಗಿಂತ ಇದು ಇಷ್ಟವಾಗುತ್ತೆ. ಜೇನುಮೇಣ ಸುಮಾರು 63 ಡಿಗ್ರಿಗೆ ಕರಗುತ್ತೆ, ಅದಕ್ಕೆ ಬಿಸಿನೀರಿನ ಶಾಖವೇ ಸಾಕು. ಉದ್ದನೆಯ ಡಬ್ಬಿಯಲ್ಲಿ ಮೇಣ ಹಾಕಿ, ಆ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯೊಳಗೆ ಇಡಿ. ನೇರ ಉರಿಯ ಮೇಲೆ ಮಾತ್ರ ಬೇಡ, ಮೇಣ ಹೊತ್ತಿಕೊಳ್ಳಬಹುದು. ಹತ್ತಿಯ ಬತ್ತಿಯನ್ನು ಅದ್ದಿ ತೆಗೆಯಿರಿ, ಆರಲು ಬಿಡಿ, ಮತ್ತೆ ಅದ್ದಿ. ಜಾಸ್ತಿ ಹೊತ್ತು ಒಳಗೆ ಇಟ್ಟರೆ ಮೊದಲು ಹತ್ತಿದ ಮೇಣವೂ ಕರಗಿಹೋಗುತ್ತೆ. ಇಪ್ಪತ್ತು ಮೂವತ್ತು ಸಲ ಅದ್ದಿದರೆ ಬೆರಳಿನಷ್ಟು ದಪ್ಪದ ಬತ್ತಿ ಆಗುತ್ತೆ. ದೊಡ್ಡವರು ಪಕ್ಕದಲ್ಲೇ ಇರಬೇಕು. ತಾನು ಮಾಡಿದ ಬತ್ತಿ ಉರಿಯುವುದನ್ನು ನೋಡಲಿಕ್ಕಾದರೂ ಅವನು ಮೇಜಿನ ಹತ್ತಿರ ಬಂದಾನು.

ಎಲ್ಲವನ್ನೂ ಒಂದೇ ಸಲ ಶುರು ಮಾಡಬೇಡಿ. ಇವತ್ತು ರಾತ್ರಿ ಮಲಗುವ ಮುಂಚೆ ಒಂದೂವರೆ ಲೋಟ ಕಾಳು ನೆನೆಸಿಡಿ. ನಾಳೆ ಸಂಜೆ ಒಲೆ ಹಚ್ಚಿ, ನಿಮ್ಮ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಪಾತ್ರೆಯ ಹತ್ತಿರ ಸುಮ್ನೆ ಕೂತುಕೊಳ್ಳಿ. ಮೊದಲು ಯಾರು ಬಂದರು ಅಂತ ನನಗೆ ಬರೆಯಿರಿ.