ಹೊಟ್ಟಿನ ಕಾಟ ಬೇರೆ, ಧೂಳಿನ ಕಾಟ ಬೇರೆ: ಮರಗೆಲಸದ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆ ಪಕ್ಕದಲ್ಲೇ ಸಣ್ಣ ಶೆಡ್ ಹಾಕಿಕೊಂಡು ಮರಗೆಲಸ ಮಾಡುತ್ತೇನೆ. ಈಚೆಗೆ 13 ಇಂಚಿನ ಥಿಕ್‌ನೆಸ್ ಪ್ಲೇನರ್ (ಹಲಗೆಯನ್ನು ಹೆರೆದು ಒಂದೇ ದಪ್ಪಕ್ಕೆ ತರುವ ಮಷಿನ್) ತಗೊಂಡೆ. ಕೆಲಸ ಚೆನ್ನಾಗಿದೆ, ಆದರೆ ನಾಲ್ಕು ಹಲಗೆ ಹಾಯಿಸುವಷ್ಟರಲ್ಲಿ ಶೆಡ್ ತುಂಬಾ ಹೊಟ್ಟು. ವ್ಯಾಕ್ಯೂಮ್ ಕ್ಲೀನರ್ ಸಿಕ್ಕಿಸಿ ನೋಡಿದೆ, ಕ್ಷಣದಲ್ಲಿ ಪೈಪ್ ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಬಾಗಿಲು ಹಾಕಿಕೊಂಡೇ ಕೆಲಸ ಮಾಡಬೇಕು. ಡಸ್ಟ್ ಕಲೆಕ್ಟರ್ ತಗೊಳ್ಳಲೇಬೇಕಾ? ಕಮ್ಮಿ ಖರ್ಚಿನಲ್ಲಿ ಏನಾದರೂ ದಾರಿ ಇದೆಯಾ?
– ಸಾಗರ ಕಡೆಯ ಓದುಗರು

ಉತ್ತರ: ಪ್ಲೇನರ್‌ನಿಂದ ಎರಡು ಥರದ ಕಸ ಬರುತ್ತದೆ. ಒಂದು ಹೊಟ್ಟು. ಅದು ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುತ್ತದೆ, ನಾವು ಬೈಯುವುದೂ ಅದನ್ನೇ. ಇನ್ನೊಂದು ನುಣ್ಣನೆಯ ಧೂಳು. ಮಷಿನ್ ನಿಂತ ಮೇಲೂ ಅದು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತದೆ, ಎದೆಯೊಳಗೆ ಹೋಗುವುದು ಅದೇ. ದುಡ್ಡು ಖರ್ಚು ಮಾಡುವ ಮೊದಲು ಇವೆರಡನ್ನೂ ಮನಸ್ಸಲ್ಲಿ ಬೇರೆ ಬೇರೆ ಇಟ್ಟುಕೊಳ್ಳಿ. ಎಷ್ಟೋ ಜನ ಹೊಟ್ಟು ಹಿಡಿಯುವುದಕ್ಕೇ ಎಲ್ಲ ದುಡ್ಡು ಹಾಕಿ, ನೆಲ ಸ್ವಚ್ಛ ಆಯ್ತು ಅಂತ ನೆಮ್ಮದಿಯಾಗಿರುತ್ತಾರೆ. ಧೂಳು ಮಾತ್ರ ಹಾಗೇ ಇರುತ್ತದೆ.

ನಿಮ್ಮ ವ್ಯಾಕ್ಯೂಮ್ ಯಾಕೆ ಕಟ್ಟಿಕೊಳ್ಳುತ್ತದೆ ನೋಡಿ. 8 ಅಡಿ ಉದ್ದ, 8 ಇಂಚು ಅಗಲದ ಒಂದು ಹಲಗೆಯಿಂದ ಒಟ್ಟು 3 ಮಿಲಿಮೀಟರ್ ತೆಗೆದರೆ ಗಟ್ಟಿ ಮರದ ಲೆಕ್ಕದಲ್ಲಿ ಅದು ಒಂದೂವರೆ ಲೀಟರ್ ಅಷ್ಟೇ. ಆದರೆ ಅದು ಸುರುಳಿ ಸುರುಳಿಯಾಗಿ ಉಬ್ಬಿಕೊಂಡು ಬಂದಾಗ ಹೆಚ್ಚುಕಮ್ಮಿ ಒಂದು ಬಕೆಟ್ ತುಂಬುತ್ತದೆ. ವ್ಯಾಕ್ಯೂಮ್‌ಗೆ ಎಳೆಯುವ ಶಕ್ತಿ ಜಾಸ್ತಿ, ಆದರೆ ಅದು ಸಾಗಿಸುವ ಗಾಳಿ ಕಮ್ಮಿ. ಪೈಪೂ ಸಣ್ಣದು. ಪ್ಲೇನರ್‌ಗೆ ಬೇಕಾಗಿರುವುದು ಇದಕ್ಕೆ ಉಲ್ಟಾ: ದಪ್ಪ ಪೈಪ್, ಜಾಸ್ತಿ ಗಾಳಿ. 4 ಇಂಚಿನ ಪೈಪಿನಲ್ಲಿ ಹೊಟ್ಟು ಎಲ್ಲೂ ಕೂರದೆ ಓಡಬೇಕಾದರೆ ನಿಮಿಷಕ್ಕೆ ಸುಮಾರು 350 ಘನ ಅಡಿ ಗಾಳಿ ಹರಿಯಬೇಕು. ಅಂಗಡಿಯವರು ಇದನ್ನೇ ಸಿಎಫ್‌ಎಂ ಅನ್ನುತ್ತಾರೆ. ಡಸ್ಟ್ ಕಲೆಕ್ಟರಿನ ಡಬ್ಬದ ಮೇಲೆ ಬರೆದಿರುವ ಸಂಖ್ಯೆ ಪೈಪ್, ಚೀಲ ಏನೂ ಇಲ್ಲದೆ ಅಳೆದದ್ದು, ಜೋಡಿಸಿದ ಮೇಲೆ ಅಷ್ಟು ಸಿಗುವುದಿಲ್ಲ. ಹಾಗಾಗಿ ಒಂದೇ ಮಷಿನ್‌ಗೆ, ಪೈಪ್ ಗಿಡ್ಡ ಇದ್ದರೆ, 1 ಎಚ್‌ಪಿ ಬ್ಲೋವರ್ (ಕಲೆಕ್ಟರಿನಲ್ಲಿ ಗಾಳಿ ಎಳೆಯುವ ಮೋಟಾರು, ಫ್ಯಾನು) ಸಾಕು. ಉದ್ದ ಪೈಪ್ ಎಳೆಯುವ ಯೋಚನೆ ಇದ್ದರೆ 2 ಎಚ್‌ಪಿಗೆ ಹೋಗಿ. ಆದರೆ ಅದು 1.5 ಕಿಲೋವ್ಯಾಟ್‌ಗೂ ಜಾಸ್ತಿ ಕರೆಂಟ್ ಎಳೆಯುತ್ತದೆ, ಪ್ಲೇನರ್ ಬೇರೆ ಎಳೆಯುತ್ತಿರುತ್ತದೆ. ಹಳ್ಳಿ ಕಡೆ ವೋಲ್ಟೇಜ್ ಬಿದ್ದರೆ ಎರಡೂ ಮೋಟಾರ್ ಬಿಸಿಯಾಗುತ್ತವೆ, ಆದ್ದರಿಂದ ಮೊದಲು ಎಲೆಕ್ಟ್ರಿಷಿಯನ್‌ಗೆ ವೈರಿಂಗ್ ತೋರಿಸಿ.

ಪೈಪಿಗೆ ಎಲ್ಲೂ ಹುಡುಕಬೇಡಿ. ಟಾಯ್ಲೆಟ್ ಲೈನಿಗೆ ಹಾಕುವ 110 ಎಂಎಂ ಪಿವಿಸಿ ಪೈಪ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಒಳಗೆ ನುಣ್ಣಗಿರುವುದರಿಂದ ಗಾಳಿ ಸಲೀಸಾಗಿ ಹೋಗುತ್ತದೆ. ಮಡಚುವ ಸುಕ್ಕು ಪೈಪಿನಲ್ಲಿ ಗಾಳಿಗೆ ತಡೆ ಎರಡು ಮೂರು ಪಟ್ಟು ಜಾಸ್ತಿ, ಅದನ್ನು ಮಷಿನ್ ಹತ್ತಿರ ಒಂದೆರಡು ಅಡಿ ಮಾತ್ರ ಇಟ್ಟುಕೊಳ್ಳಿ. ತಿರುವು ಬೇಕಾದಲ್ಲಿ 90 ಡಿಗ್ರಿಯ ಒಂದು ಬೆಂಡ್ ಬದಲು 45 ಡಿಗ್ರಿಯವು ಎರಡು ಹಾಕಿ. ಹೊಟ್ಟು ಕಟ್ಟಿಕೊಳ್ಳುವುದು ಯಾವಾಗಲೂ ತಿರುವಿನಲ್ಲೇ.

ಬ್ಲೋವರ್‌ಗೂ ಪ್ಲೇನರ್‌ಗೂ ಮಧ್ಯೆ ಬಿಗಿ ಮುಚ್ಚಳದ ಒಂದು ದೊಡ್ಡ ಡ್ರಮ್ ಇಡಿ. ಗಾಳಿ ಡ್ರಮ್ಮಿನ ಅಂಚಿಗೆ ಸೇರಿ ಒಳಗೆ ಸುತ್ತುವ ಹಾಗೆ ಒಳದಾರಿ ಕೊಟ್ಟು, ಮುಚ್ಚಳದ ನಡುವಿನಿಂದ ಹೊರದಾರಿ ಕೊಟ್ಟರೆ ಹೊಟ್ಟೆಲ್ಲ ಡ್ರಮ್ಮಿನಲ್ಲೇ ಬೀಳುತ್ತದೆ. ಫ್ಯಾನಿಗೆ ಹೋಗುವುದು ಬರೀ ನುಣ್ಣನೆಯದು. ಕಲ್ಲು, ಮೊಳೆ ಚೂರು ಬಂದರೂ ಫ್ಯಾನಿನ ರೆಕ್ಕೆಗೆ ಬಡಿದು ಕಿಡಿ ಹಾರುವುದಿಲ್ಲ. ತೆಳು ಪ್ಲಾಸ್ಟಿಕ್ ಡ್ರಮ್ ಬೇಡ, ಪೈಪ್ ಕಟ್ಟಿಕೊಂಡಾಗ ಎಳೆತಕ್ಕೆ ಒಳಗೆ ಕುಸಿಯುತ್ತದೆ.

ಈಗ ಧೂಳು. ಕಲೆಕ್ಟರ್ ಜೊತೆ ಬರುವ ಬಟ್ಟೆ ಚೀಲ ಅಗ್ಗದ್ದಾದರೆ ಸಾಮಾನ್ಯವಾಗಿ 30 ಮೈಕ್ರಾನ್‌ನದು, ಅಂದರೆ ಅದಕ್ಕಿಂತ ಸಣ್ಣ ಕಣ ಅದರಲ್ಲಿ ನಿಲ್ಲುವುದಿಲ್ಲ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಶ್ವಾಸಕೋಶದ ಆಳಕ್ಕೆ ಇಳಿಯುವ ಧೂಳು 10 ಮೈಕ್ರಾನ್‌ಗಿಂತ ಸಣ್ಣದು. ಅಂದರೆ ಆ ಚೀಲ ಹೊಟ್ಟನ್ನು ಹಿಡಿದಿಟ್ಟುಕೊಂಡು, ಕೆಟ್ಟ ಧೂಳನ್ನು ಜರಡಿ ಹಿಡಿದ ಹಾಗೆ ನಿಮ್ಮ ಮುಖದ ಮಟ್ಟಕ್ಕೇ ಊದುತ್ತದೆ. 1 ಮೈಕ್ರಾನ್ ಚೀಲ ಅಥವಾ ಮಡಿಕೆ ಫಿಲ್ಟರ್ ಹಾಕಿದರೆ ಒಳ್ಳೆಯದು, ಆದರೆ ಬೆಲೆ ಜಾಸ್ತಿ. ಇದಕ್ಕಿಂತ ಸುಲಭದ ದಾರಿ ನಮ್ಮ ಹವೆಯಲ್ಲೇ ಇದೆ. ಚಳಿ ದೇಶಗಳಲ್ಲಿ ಬಿಸಿ ಗಾಳಿ ಹೊರಗೆ ಹೋಗುತ್ತದೆ ಅಂತ ಹೆದರಿ ಫಿಲ್ಟರ್ ಮಾಡಿ ಮತ್ತೆ ಒಳಗೇ ಬಿಡುತ್ತಾರೆ. ನಮಗೆ ಆ ತಾಪತ್ರಯ ಇಲ್ಲ. ಬ್ಲೋವರನ್ನು ಗೋಡೆಯ ಆಚೆ, ಮಳೆ ತಾಗದ ಸಣ್ಣ ಸೂರಿನಡಿ ಇಟ್ಟುಬಿಡಿ, ಚೀಲವೂ ಹೊರಗೇ ಇರಲಿ. ಅಡುಗೆಮನೆ ಕಿಟಕಿ, ಬಾವಿ, ಪಕ್ಕದವರ ಬಟ್ಟೆ ಒಣಗುವ ಜಾಗ ಇವುಗಳ ಕಡೆಗೆ ಮಾತ್ರ ಮುಖ ಮಾಡಬೇಡಿ. ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು, ಅಲ್ವಾ? ಮಳೆಗಾಲದಲ್ಲೂ ಎದುರು ಗೋಡೆಯ ಕಿಟಕಿ ತೆರೆದಿರಲಿ, ಇರಚಲು ಹೊಡೆಯುವ ಹಾಗಿದ್ದರೆ ಮೇಲೊಂದು ಶೀಟ್ ಹೊಡೆಸಿ.

ಈಗ ದುಡ್ಡಿಲ್ಲ ಅಂದರೆ? ಕೆಲವು ಪ್ಲೇನರ್‌ಗಳಲ್ಲಿ ಹೊಟ್ಟು ಹೊರಗೆ ತಳ್ಳುವ ಫ್ಯಾನ್ ಒಳಗೇ ಇರುತ್ತದೆ. ನಿಮ್ಮದರಲ್ಲಿ ಇದ್ದರೆ ಅದರ ಬಾಯಿಗೆ 4 ಇಂಚಿನ ಪೈಪ್ ಹಾಕಿ, ಹೊರಗೆ ದೊಡ್ಡ ಗೋಣಿಚೀಲಕ್ಕೆ ಕಟ್ಟಿ. ಪ್ಲಾಸ್ಟಿಕ್ ಚೀಲ ಬೇಡ, ಗಾಳಿ ಆಚೆ ಹೋಗಲು ದಾರಿ ಸಿಗದೆ ಹೊಟ್ಟು ಬ್ಲೇಡಿನ ಹತ್ತಿರಕ್ಕೇ ವಾಪಸ್ ಬರುತ್ತದೆ. ಹಾಗೆ ವಾಪಸ್ ಬಂದ ಹೊಟ್ಟು ಇನ್ನೊಂದು ತೊಂದರೆ ಮಾಡುತ್ತದೆ. ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಅಕ್ಕಿಕಾಳಿನಷ್ಟು ಸಣ್ಣ ಗುಳಿಗಳು ಕಂಡರೆ ಅದು ಬ್ಲೇಡಿನ ತಪ್ಪಲ್ಲ. ಹಲಗೆಯನ್ನು ಮುಂದಕ್ಕೆ ಎಳೆಯುವ ರೋಲರ್ ಹೊಟ್ಟನ್ನು ಹಲಗೆಗೆ ಒತ್ತಿದ ಗುರುತು. ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟರೆ ಮರ ಉಬ್ಬಿ ಗುಳಿ ಬಹುತೇಕ ಮೇಲೆ ಬರುತ್ತದೆ, ಒಣಗಿದ ಮೇಲೆ ಹಗುರವಾಗಿ ಸ್ಯಾಂಡ್‌ಪೇಪರ್ ಆಡಿಸಿ. ಹೊಟ್ಟು ಸುರುಳಿಯಾಗಿ ಬರದೆ ಪುಡಿಪುಡಿಯಾಗಿ ಬರುತ್ತಿದ್ದರೆ ಬ್ಲೇಡ್ ಮೊಂಡಾಗಿದೆ ಅಂತ ಅರ್ಥ. ಸಾಣೆ ಹಿಡಿಸಿ, ಧೂಳು ಅಲ್ಲೇ ಅರ್ಧ ಕಮ್ಮಿಯಾದ ಹಾಗೆ ಅನಿಸುತ್ತದೆ.

ಕೊನೆಗೆ, ಗುಡಿಸುವ ವಿಚಾರ. ಕಂಪ್ರೆಸರ್ ಗಾಳಿಯಲ್ಲಿ, ಕೈ ಬ್ಲೋವರ್‌ನಲ್ಲಿ ಊದಿ ಸ್ವಚ್ಛ ಮಾಡುವ ಅಭ್ಯಾಸ ಎಲ್ಲ ಕಡೆ ಇದೆ. ದಯವಿಟ್ಟು ಬಿಡಿ. ನೆಲಕ್ಕೆ ಕೂತ ಧೂಳನ್ನು ಸುಮ್ನೆ ಮತ್ತೆ ಎಬ್ಬಿಸಿ ಉಸಿರಾಡಿದ ಹಾಗೆ ಆಗುತ್ತದೆ. ನೀರು ಚಿಮುಕಿಸಿ ಗುಡಿಸಿ. ಅನುಮಾನ ಇದ್ದರೆ ರಾತ್ರಿ ಲೈಟ್ ಆರಿಸಿ, ಮಷಿನ್ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಗಾಳಿಯಲ್ಲಿ ಏನು ತೇಲುತ್ತಿದೆ ಅಂತ ಕಾಣುತ್ತದೆ.

ಪ್ರಶ್ನೆ: ನಮ್ಮ ವರ್ಕ್‌ಶಾಪಿನ ಹೊಟ್ಟನ್ನು ಪಕ್ಕದ ಕೋಳಿ ಫಾರಂನವರು ಕೇಳುತ್ತಿದ್ದಾರೆ. ಕೊಡಬಹುದಾ? ತೋಟಕ್ಕೂ ಹಾಕಬಹುದಾ?
– ಹಾಸನ ಜಿಲ್ಲೆಯ ಓದುಗರು

ಉತ್ತರ: ಧಾರಾಳವಾಗಿ ಕೊಡಿ, ಆದರೆ ಬರೀ ಮರದ್ದು. ಪ್ಲೈವುಡ್, ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ), ಪಾಲಿಶ್ ಅಥವಾ ಪೇಂಟ್ ಮಾಡಿದ ಮರ, ಗೆದ್ದಲು ಔಷಧಿ ಹೊಡೆದ ಮರ ಇವುಗಳ ಹೊಟ್ಟು ಸೇರಿದ್ದರೆ ಕೋಳಿಗೂ ಬೇಡ, ದನದ ಕೊಟ್ಟಿಗೆಗೂ ಬೇಡ, ಒಲೆಗೂ ಬೇಡ. ಎರಡು ಚೀಲ ಬೇರೆ ಬೇರೆ ಇಟ್ಟುಕೊಳ್ಳುವುದು ಸುಲಭ. ಒದ್ದೆಯಾಗಿ ಬೂಸ್ಟು ಹಿಡಿದದ್ದನ್ನೂ ಕೊಡಬೇಡಿ, ಕೋಳಿಮರಿಗಳಿಗೆ ಆ ಬೂಸ್ಟಿನಿಂದ ಶ್ವಾಸಕೋಶದ ರೋಗ ಬರುತ್ತದೆ.

ತೋಟಕ್ಕೆ ಹಾಕುವುದಾದರೆ ಮಣ್ಣಿನ ಮೇಲೆ ಹೊದಿಕೆಯ ಥರ ಹರಡಿ. ಹಸಿ ಹೊಟ್ಟನ್ನು ಅಗೆದು ಮಣ್ಣೊಳಗೆ ಸೇರಿಸಿದರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತದೆ, ಗಿಡ ಹಳದಿ ಆಗುತ್ತದೆ. ಸಗಣಿ ಜೊತೆ ಪದರ ಪದರವಾಗಿ ಗುಂಡಿಗೆ ಹಾಕಿ ಚೆನ್ನಾಗಿ ಕೊಳೆಸಿದರೆ ಆ ಭಯ ಇಲ್ಲ.

ಯಾರಿಗೆ ಕೊಟ್ಟರೂ ಸರಿ, ದಿನಾ ಸಂಜೆ ಹೊಟ್ಟು ವರ್ಕ್‌ಶಾಪಿನಿಂದ ಆಚೆ ಹೋಗಬೇಕು. ಬೀಡಿ ತುಂಡು, ಗ್ರೈಂಡರ್ ಕಿಡಿ ಬಿದ್ದರೆ ಅದು ತಕ್ಷಣ ಹೊತ್ತಿಕೊಳ್ಳುವುದಿಲ್ಲ. ಒಳಗೊಳಗೇ ಗಂಟೆಗಟ್ಟಲೆ ಕನಲುತ್ತಿದ್ದು, ಎಲ್ಲರೂ ಮನೆಗೆ ಹೋದ ಮೇಲೆ ಹೊತ್ತುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗೆ ಕಿಡಿಯೂ ಬೇಡ, ಮುದ್ದೆ ಮಾಡಿ ಹೊಟ್ಟಿನ ಮೇಲೆ ಎಸೆದರೆ ತಾನಾಗಿಯೇ ಬಿಸಿಯಾಗಿ ಬೆಂಕಿ ಹಿಡಿಯಬಹುದು. ಅಂಥ ಬಟ್ಟೆಯನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಿ.

ಪ್ರಶ್ನೆ: ನಮ್ಮ ಯಜಮಾನರು ಹಳೇ ಮನೆಗಳ ಬಾಗಿಲು, ತೊಲೆ ಕೊಂಡು ತಂದು ಪ್ಲೇನ್ ಮಾಡಿ ಮಾರುತ್ತಾರೆ. ಮುಖಕ್ಕೆ ಟವೆಲ್ ಸುತ್ತಿಕೊಳ್ಳುತ್ತಾರೆ ಅಷ್ಟೇ. ರಾತ್ರಿ ಕೆಮ್ಮು. ಮಾಸ್ಕ್ ಹಾಕಿ ಅಂದರೆ ‘ಮರದ ಧೂಳು ತಾನೇ, ಏನಾಗಲ್ಲ’ ಅನ್ನುತ್ತಾರೆ.
– ಮೈಸೂರಿನ ಓದುಗರು

ಉತ್ತರ: ಈ ಉತ್ತರವನ್ನು ಅವರಿಗೇ ಓದಲು ಕೊಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮೂಗು ಮತ್ತು ಅದರ ಸುತ್ತಿನ ಗೂಡುಗಳಲ್ಲಿ (ಸೈನಸ್) ಬರುವ ಕ್ಯಾನ್ಸರ್ ಅದು. ಅಪರೂಪದ್ದು, ವರ್ಷಾನುಗಟ್ಟಲೆ ಧೂಳು ಕುಡಿದವರಲ್ಲಿ ಬರುವಂಥದ್ದು, ಹಾಗಾಗಿ ಗಾಬರಿ ಬೇಡ. ಆದರೆ ಏನಾಗಲ್ಲ ಅನ್ನುವ ಮಾತು ಸರಿಯಲ್ಲ. ಕ್ಯಾನ್ಸರ್ ಬಿಡಿ, ಅಸ್ತಮಾ ಇನ್ನೂ ಬೇಗ ಬರುತ್ತದೆ. ಬೀಟೆ, ತೇಗದ ಧೂಳು ಕೆಲವರಿಗೆ ಮೈ ತುರಿಕೆಯನ್ನೂ ತರುತ್ತದೆ.

ಟವೆಲ್ ಹೊಟ್ಟನ್ನು ತಡೆಯುತ್ತದೆ, ಧೂಳನ್ನಲ್ಲ. ಎನ್95 ತಗೊಳ್ಳಿ, ಅಥವಾ ಭಾರತೀಯ ಗುಣಮಟ್ಟದ ಐಎಸ್ 9473 ಮುದ್ರೆ ಇರುವ ಎಫ್‌ಎಫ್‌ಪಿ2 ಮಾಸ್ಕ್. ಮೂಗಿನ ಮೇಲಿನ ಪಟ್ಟಿ ಒತ್ತಿ ಕೂರಿಸಬೇಕು. ದಟ್ಟ ಗಡ್ಡ ಇದ್ದರೆ ಪಕ್ಕದಿಂದ ಗಾಳಿ ನುಗ್ಗುತ್ತದೆ. ಮಷಿನ್ ನಿಂತ ಕೂಡಲೇ ಮಾಸ್ಕ್ ತೆಗೆಯಬಾರದು, ಗುಡಿಸುವಾಗಲೂ ಇರಲಿ. ಕೆಲಸದ ಬಟ್ಟೆಯನ್ನು ಮನೆಯೊಳಗೆ ತರದೆ ಹೊರಗೇ ಕೊಡವಿಸಿ.

ಅವರ ಕೆಲಸದಲ್ಲಿ ಇನ್ನೊಂದು ಅಪಾಯ ಇದೆ. ಹಳೇ ಬಾಗಿಲುಗಳ ಪೇಂಟಿನಲ್ಲಿ ಸೀಸ ಇರುತ್ತಿತ್ತು. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಪೇಂಟ್ ಇರುವ ಹಲಗೆಯನ್ನು ಹಾಗೇ ಪ್ಲೇನರ್‌ಗೆ ಕೊಟ್ಟರೆ ಆ ಸೀಸವೆಲ್ಲ ಧೂಳಾಗಿ ಮನೆ ಸೇರುತ್ತದೆ, ಮಕ್ಕಳಿದ್ದರಂತೂ ಬಹಳ ಕೆಟ್ಟದ್ದು. ಪೇಂಟ್ ರಿಮೂವರ್ ಹಚ್ಚಿ ಮೆತ್ತಗೆ ಮಾಡಿ, ಒದ್ದೆ ಇರುವಾಗಲೇ ಕೆರೆದು, ಆ ಕಸ ಕಟ್ಟಿಟ್ಟು ಆಮೇಲೆ ಮರವನ್ನು ಪ್ಲೇನ್ ಮಾಡಲಿ. ಅದಕ್ಕೂ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕಲಿ.

ಕೆಮ್ಮಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಎಷ್ಟು ವರ್ಷದಿಂದ ಮರದ ಕೆಲಸ ಅನ್ನುವುದನ್ನು ನೀವೇ ಹೇಳಿ, ಯಜಮಾನರು ತಾವಾಗಿ ಹೇಳಲಿಕ್ಕಿಲ್ಲ. ಮೂಗಿನ ಒಂದೇ ಹೊಳ್ಳೆ ಸದಾ ಕಟ್ಟಿಕೊಂಡಿರುವುದು, ಅದರಿಂದ ಆಗಾಗ ರಕ್ತ ಬರುವುದು ಇದ್ದರೆ ಇನ್ನೂ ತಡಮಾಡದೆ ಕಿವಿ-ಮೂಗು-ಗಂಟಲು ತಜ್ಞರಿಗೇ ತೋರಿಸಿ.